ಎರಡು ಬೆರಳಿನ ಸಿಳ್ಳು

"ನಿನ್ನ ತಂಗೀನ ಹೆಣ್ಣಂತ ಕೊಟ್ಟಿಯೋ, ಗಂಡಂತ ಕೊಟ್ಟಿಯೋ, ಅದನ್ನಾರ ಹೇಳಲೇ ಮಾಳ್ಯಾ. ಮೀಸಿ ಒಂದ ಬರೂದು ಬಾಕಿ ಉಳದೈತಿ ಆಕಿಗೆ!"

ಅಥಣಿಯ ಕುರಿ ಸಂತೆಯಲ್ಲಿ, ಚಹಾದಂಗಡಿಯ ಮುಂದೆ ನಿಂತು ಜಕ್ಕಪ್ಪ ಇಷ್ಟನ್ನು ಹೇಳಿ, ಬಸಿಯಲ್ಲಿದ್ದ ಚಹಾವನ್ನು ಸೊರ್ರನೆ ಎಳೆದ. ಅವನು ನನ್ನ ತಂಗಿ ರಾಜೇಶ್ವರಿಯ ಮಾವ. ಸುತ್ತ ಮೂವತ್ತು ಮಂದಿಯಾದರೂ ಇದ್ದರು. ನನ್ನ ಕೈಯಲ್ಲಿ ಮಾರಲು ತಂದ ಟಗರಿನ ಹಗ್ಗವಿತ್ತು. ಆ ಟಗರು ಕೂಡ ಕತ್ತೆತ್ತಿ ನನ್ನ ಮುಖ ನೋಡಿತು.

"ಯಾಕ್ರಿ ಬೀಗರ, ಸೊಸಿ ಅಂಥಾದ್ದೇನ ಮಾಡಿದಳು?" ಯಾರೋ ಬೇಕಂತಲೇ ಕೇಳಿದರು.

"ಏನ ಮಾಡಿದಳಾ? ಚಾವಡಿ ಮುಂದ ಊರ ಹಿರ್ಯಾರು ಕುಂತಾರ. ನಮ್ಮ ಸೊಸಿ ತಲಿಮ್ಯಾಲಿನ ಸೆರಗ ಹಿಂದಕ್ಕ ಒಗದು, ಎರಡ ಬೆರಳ ಬಾಯಾಗ ಇಟ್ಟು ಸಿಳ್ಳ ಹಾಕಿದಳ್ರಿ. ಅದೂ ಎಂಥಾ ಸಿಳ್ಳು! ಹೊಳಿ ಆಚಿಕಡೆ ನಾಯಿ ಎದ್ದ ನಿಂತಿರಬೇಕು."

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಹುಡುಗ ತನ್ನ ಎರಡು ಬೆರಳನ್ನು ತುಟಿಗಿಟ್ಟು ನನಗೆ ತೋರಿಸಿದ.

ನನಗೆ ಸಿಟ್ಟು ಬರಲು ಹೊತ್ತು ಬೇಕಾಗಿಲ್ಲ. ಮಾಸ್ತರರು ಎಲ್ಲರ ಮುಂದೆ 'ಕುರಿ' ಅಂದರೆಂದು ಏಳನೇ ಇಯತ್ತೆಯಲ್ಲೇ ಪಾಟಿಚೀಲ ಬಿಸಾಕಿ ಹೊರಬಿದ್ದವನು ನಾನು. ಆಮೇಲೆ ಸಂತೆಗಳಲ್ಲಿ, ಹೊಲದ ಬದುವಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಮಂದಿಯ ಕೊರಳಪಟ್ಟಿ ಹಿಡಿದಿದ್ದೇನೋ ಲೆಕ್ಕವಿಲ್ಲ. 'ಗಂಡಸಂದ್ರ ಹಿಂಗಿರಬೇಕು' ಅಂತಲೇ ಎಲ್ಲರೂ ಬೆನ್ನು ತಟ್ಟಿದರು. ಆದರೆ ಆವತ್ತು ನನ್ನ ಕೋಲು ಮೇಲೇಳಲಿಲ್ಲ. ಜಕ್ಕಪ್ಪ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಳ್ಳು ಇದ್ದದ್ದು ನನ್ನ ಕಡೆ.

ಅವನು ಬಸಿ ಕೆಳಗಿಟ್ಟು ಹತ್ತಿರ ಬಂದ. "ಕಂಬಳಿ ಮ್ಯಾಲೆ ಕುಂತು ನೀ ಏನ ಹೇಳಿದ್ದಿ, ನೆನಪೈತೇನು? ಬರೂ ಅಮಾಸಿಗೆ ನಮ್ಮೂರಿಗೆ ಬಾ. ಮತ್ತ ಕಂಬಳಿ ಹಾಸ್ತೀನಿ. ತಂಗಿ ಸಿಳ್ಳ ಹಾಕೂದು ನಿನಗ ಗೊತ್ತಿತ್ತೋ ಇಲ್ಲೋ, ಅಷ್ಟ ಹೇಳು. ಗೊತ್ತಿತ್ತಂದ್ರ ಸುಳ್ಳಗಾರ ನೀನು, ತಂಗೀನ ಕರಕೊಂಡ ನಡಿ. ಗೊತ್ತಿರಲಿಲ್ಲಂದ್ರ ಕಳ್ಳಿ ಆಕಿ, ಇನ್ನ ಸಿಳ್ಳ ಹಾಕಂಗಿಲ್ಲಂತ ಭಂಡಾರ ಮುಟ್ಟಿ ಆಣಿ ಮಾಡ್ಲಿ."

ನಮ್ಮ ಮಂದಿಯಲ್ಲಿ ಮದುವೆಯ ಮಾತು, ಜಗಳದ ಮಾತು ಎಲ್ಲ ಕರಿ ಕಂಬಳಿಯ ಮೇಲೆಯೇ. ಕಂಬಳಿ ಹಾಸಿ ಅರಿಶಿನದ ಭಂಡಾರ ಚೆಲ್ಲುತ್ತಾರೆ. ಅದನ್ನು ಮುಟ್ಟಿ ಕೂತವನು ಸುಳ್ಳು ಹೇಳುವಂತಿಲ್ಲ. ಹೇಳಿದ್ದು ಬಯಲಾದರೆ ಅವನ ಹಿಂಡಿನ ಜೊತೆ ಯಾರೂ ತಮ್ಮ ಹಿಂಡು ಕೂಡಿಸುವುದಿಲ್ಲ. ಒಂಟಿ ಹಿಂಡೆಂದರೆ ಕಳ್ಳರಿಗೂ ತೋಳಕ್ಕೂ ಬಾಗಿಲು ತೆರೆದಿಟ್ಟ ಹಾಗೆ. ಇನ್ನೊಂದು ಮಾತು: ಕಂಬಳಿಯ ಮೇಲೆ ಹೆಂಗಸರು ಕೂರುವುದಿಲ್ಲ. ಅವರ ಮಾತನ್ನು ಅವರ ಗಂಡಸರು ಆಡಬೇಕು.

ನಮ್ಮೂರು ರಾಯಬಾಗ ತಾಲೂಕಿನ ಅಲಖನೂರ. ಊರೆಂದರೆ ಮನೆ ಇದೆ, ಅಷ್ಟೇ. ವರ್ಷದ ಎಂಟು ತಿಂಗಳು ನಾವು ಹಿಂಡಿನ ಜೊತೆ ನಡೆಯುವವರು. ಮಳೆಗಾಲಕ್ಕೆ ಅಥಣಿಯ ಮೂಡಲ ದಿಕ್ಕಿನ ಒಣ ನೆಲ. ಕಬ್ಬು ಕಡಿದ ಮೇಲೆ ಚಿಕ್ಕೋಡಿ, ನಿಪ್ಪಾಣಿ ಕಡೆಯ ಹೊಲಗಳು. ಗೊಬ್ಬರಕ್ಕೆಂದು ಹೊಲದವರು ನಮ್ಮ ಕುರಿಗಳನ್ನು ತಮ್ಮ ನೆಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ.

ಹಿಂಡಿನಲ್ಲಿ ಗಂಡಸರು ಮಾತಿನವರಲ್ಲ. ದಿನವೆಲ್ಲ ಕುರಿಯ ಹಿಂದೆ ಒಬ್ಬರೇ ನಡೆದು ನಡೆದು ಬಾಯಿ ಜಡ್ಡುಗಟ್ಟಿರುತ್ತದೆ. ಬಾಯಿ ಇರುವುದು ಹೆಂಗಸರಿಗೆ. ಯಾರ ಹೊಲದಲ್ಲಿ ಎಷ್ಟು ದಿನ ನಿಲ್ಲಬೇಕು, ಅದಕ್ಕೆ ಎಷ್ಟು ಜೋಳ ಎಂದು ಚೌಕಾಸಿ ಮಾಡುವವಳು ನಮ್ಮವ್ವ ಸಾವಿತ್ರೆವ್ವ. ಕುದುರೆಯ ಮೇಲೆ ಸಾಮಾನು ಹೇರಿಕೊಂಡು ಮುಂದೆ ಹೋಗಿ ಜಾಗ ಹಿಡಿಯುವವಳೂ ಅವಳೇ. ಒಮ್ಮೆ ಅಥಣಿಯ ಹತ್ತಿರ ಧನಪಾಲ ಎನ್ನುವವರ ದ್ರಾಕ್ಷಿ ತೋಟದ ಪಕ್ಕ ಬಿಡಾರ ಹಾಕಿದ್ದೆವು. ಅವರ ಹೆಂಡತಿ ನಮಗೆ ಮಜ್ಜಿಗೆ ಕೊಟ್ಟದ್ದು ಕೂಡ ಬಾಗಿಲ ಸಂದಿಯಿಂದ. ಧನಪಾಲರು ಅವ್ವನ ಬಾಯಿಗೆ ಸೋತು ಒಂದು ಚೀಲ ಜೋಳ ಹೆಚ್ಚಿಗೆ ಅಳೆದು, ಅಪ್ಪನ ಹತ್ತಿರ ಗೊಣಗಿದ್ದರು: "ನಿಮ್ಮ ಹೆಂಗಸರು ಭಾಳ ಜೋರದಾರ್ರಿ." ಅಪ್ಪ "ಹೌದ್ರಿ" ಅಂದ. ಆವತ್ತಿನ ಅಪ್ಪನ ಮಾತು ಅಲ್ಲಿಗೆ ಮುಗಿಯಿತು. ಅಪ್ಪ ತೀರಿಕೊಂಡು ಈಗ ನಾಲ್ಕು ವರ್ಷ.

ರಾಜಿ ಅವ್ವನ ಮಗಳು. ಸಿಟ್ಟು ನನ್ನಷ್ಟೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಸಿಟ್ಟು ಅದು. ಜೊತೆಗೆ ನನಗಿಲ್ಲದ್ದೊಂದು ಅವಳಿಗಿತ್ತು. ಎರಡು ಬೆರಳು ನಾಲಿಗೆಯ ಕೆಳಗಿಟ್ಟು ಅವಳು ಸಿಳ್ಳು ಹಾಕಿದರೆ ಮುನ್ನೂರು ಕುರಿಗಳ ಕಿವಿ ಒಟ್ಟಿಗೆ ನಿಮಿರುತ್ತಿದ್ದವು. ತಿರುಗು ಅನ್ನುವುದಕ್ಕೆ ಒಂದು, ನಿಲ್ಲು ಅನ್ನುವುದಕ್ಕೆ ಒಂದು, ಕೂಡು ಅನ್ನುವುದಕ್ಕೆ ಇನ್ನೊಂದು. ನಾನು ಹಾಕಿದರೆ ಟಾಯರಿನ ಗಾಳಿ ಬಿಟ್ಟಂತೆ 'ಸುಯ್' ಅನ್ನುತ್ತಿತ್ತು. ನಾಯಿ ಸಹ ನನ್ನನ್ನು ಒಮ್ಮೆ ನೋಡಿ, ಅವಳು ಏನನ್ನುತ್ತಾಳೋ ಎಂದು ಅವಳ ಕಡೆ ತಿರುಗುತ್ತಿತ್ತು.

ಒಂದು ಸಲ ಚಿಕ್ಕೋಡಿ ರಸ್ತೆಯಲ್ಲಿ ಹಿಂಡು ಅಡ್ಡ ನಿಂತು ಕೊಲ್ಹಾಪುರದ ಬಸ್ಸು ತಡೆದಿತ್ತು. ನಾನು ಕೂಗಿದೆ, ಕೋಲು ಬೀಸಿದೆ, ಸುಯ್ ಸುಯ್ ಅಂದೆ. ಕುರಿಗಳು ಇನ್ನಷ್ಟು ಗೊಂದಲಕ್ಕೆ ಬಿದ್ದವು. ಹಿಂದಿನಿಂದ ರಾಜಿಯ ಸಿಳ್ಳು ಬಂತು. ಬೈತಲೆ ತೆಗೆದಂತೆ ಹಿಂಡು ಎರಡಾಗಿ ಸೀಳಿ ಬಸ್ಸಿಗೆ ದಾರಿ ಬಿಟ್ಟಿತು. ಕಿಟಕಿಯಿಂದ ಒಬ್ಬ ಕೂಗಿದ: "ಏ ತಮ್ಮಾ, ಕೋಲ ತಂಗಿ ಕೈಯಾಗ ಕೊಟ್ಟು ನೀ ರೊಟ್ಟಿ ಬಡಿಯಾಕ ಹೋಗು!" ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು. ನಾನು ಆ ಬಸ್ಸನ್ನು ಮರೆಯಲಿಲ್ಲ.

ಹೋದ ವರ್ಷ ಜಕ್ಕಪ್ಪನ ಕಡೆಯಿಂದ ಸಂಬಂಧ ಬಂತು. ಅವರೂ ನಮ್ಮವರೇ, ನಮ್ಮ ದೇವರೇ. ಆದರೆ ಜಕ್ಕಪ್ಪನ ತಂದೆಯ ಕಾಲಕ್ಕೇ ಹಿಂಡು ಬಿಟ್ಟು ಕಾಗವಾಡದ ಕಡೆಯ ಒಂದು ಹಳ್ಳಿಯಲ್ಲಿ ನೆಲೆಯಾದವರು. ನಾಲ್ಕೆಕರೆ ಕಬ್ಬು, ಎರಡು ಎಮ್ಮೆ, ಆರು ಆಡು, ಸಿಮೆಂಟಿನ ಮನೆ. ಅವರ ಮನೆಯಲ್ಲಿ ಮಾತೆಲ್ಲ ಗಂಡಸರದು. ಹೆಂಗಸರು ಹಿರಿಯರೆದುರು ತಲೆಯ ಸೆರಗು ತೆಗೆಯುವುದಿಲ್ಲ, ಮಾವ ಕೂತ ಪಡಸಾಲೆಯನ್ನು ಹಾಯುವುದಿಲ್ಲ.

ಅವರು ಬರುವ ದಿನ ಬೆಳಿಗ್ಗೆ, ನಾನು ಕುದುರೆಗೆ ನೀರು ಕುಡಿಸುತ್ತಿದ್ದಾಗ ರಾಜಿ ಬಂದಳು. "ಯಣ್ಣಾ, ಕಂಬಳಿ ಮ್ಯಾಲೆ ನಾ ಕುಂಡ್ರಂಗಿಲ್ಲ, ನೀ ಕುಂಡ್ರತಿ. ನಾ ಹಿಂಡಿನ್ಯಾಗ ಬೆಳದಾಕಿ, ಬಾಯಿ ಜೋರ, ಸಿಳ್ಳ ಹಾಕ್ತೀನಿ ಅಂತ ಖುಲ್ಲಾ ಹೇಳಿಬಿಡು. ಹೂಂ ಅಂದ್ರ ಖುಷಿಲೆ ಹೋಗ್ತೀನಿ. ಉಹೂಂ ಅಂದ್ರ ಇಲ್ಲೇ ಕುರಿ ಕಾಯ್ತೀನಿ. ಮುಚ್ಚಿಟ್ಟು ಮಾತ್ರ ಕೊಡಬ್ಯಾಡ."

"ಹೇಳ್ತೀನಿ ನಡಿ" ಅಂದೆ.

ಕಂಬಳಿಯ ಮೇಲೆ ಜಕ್ಕಪ್ಪ ತಾನೇ ಆ ಮಾತು ತೆಗೆದ. "ಹಿಂಡಿನ ಹುಡುಗ್ಯಾರು ಗಂಡಬೀರಿ ಇರ್ತಾರ ಅಂತಾರ. ಸಿಳ್ಳ ಹಾಕೂದು, ಒದರೂದು, ಅಂಥಾದ್ದೇನ ಇಲ್ಲಲ್ಲ?"

ನನ್ನ ಬೆರಳಿಗೆ ಆಗಲೇ ಭಂಡಾರ ಹತ್ತಿತ್ತು. "ಇಲ್ರಿ ಮಾವಾ. ಆಕಿ ಊರಾಗ ಅಜ್ಜಿ ಕಡೆ ಬೆಳದಾಕಿ. ಸಿಳ್ಳ ಹೆಂಗ ಹಾಕ್ತಾರಂತನೂ ಗೊತ್ತಿಲ್ಲ ಆಕಿಗೆ."

ತಂಗಿಗೆ ತಲೆಯ ಮೇಲೊಂದು ಸೂರು ಸಿಗಲಿ ಅಂತ ಹಾಗೆ ಹೇಳಿದೆ ಎಂದು ಬಹಳ ದಿನ ನನ್ನನ್ನೇ ನಂಬಿಸಿಕೊಂಡೆ. ಅದೂ ಇತ್ತು. ಆದರೆ ಆ ಮಾತು ಬಾಯಿಂದ ಬಿದ್ದಾಗ ನನಗೆ ಒಳಗೊಳಗೇ ಒಂದು ಖುಷಿಯಾಯಿತು. ಆ ಚಣದ ಮಟ್ಟಿಗೆ ನಮ್ಮ ಹಿಂಡಿನಲ್ಲಿ ಸಿಳ್ಳು ಹಾಕುವವನು ನಾನೊಬ್ಬನೇ ಆಗಿದ್ದೆ. ಆ ಬಸ್ಸು, ಆ ಕಿಟಕಿ, ಆ ನಗು ಇರಲೇ ಇಲ್ಲ.

ಒಳಗೆ ಹೋಗಿ ರಾಜಿಗೆ ಅಂದೆ: "ಎಲ್ಲಾ ಹೇಳೀನಿ. ನಡೀತೈತಿ ಅಂದಾರ." ಅವಳು ನನ್ನ ತೋಳಿಗೊಂದು ಗುದ್ದಿ ನಕ್ಕಳು.

ಸಂತೆಯಿಂದ ಆ ಟಗರನ್ನು ಮಾರದೆಯೇ ವಾಪಸು ಹೊಡೆದುಕೊಂಡು ಬಂದೆ. ಚಿಕ್ಕೋಡಿಯ ಹತ್ತಿರ ಕಬ್ಬು ಕಡಿದ ಹೊಲದಲ್ಲಿ ನಮ್ಮ ಬಿಡಾರ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲವನ್ನೂ ಹೇಳಿಬಿಟ್ಟೆ, ಕಂಬಳಿಯ ಮೇಲಿನ ಸುಳ್ಳನ್ನೂ, ರಾಜಿಗೆ ಹೇಳಿದ ಸುಳ್ಳನ್ನೂ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಅವತ್ತ ನಿನ್ನ ಬಾಯಾಗ ಇದ್ದದ್ದು ನಿನ್ನ ನಾಲಿಗಿ ಅಲ್ಲೋ ಮಾಳೇಶಾ. ಆಕಿದು. ಎರವಲ ಕೊಟ್ಟಿದ್ದಳು."

"ಅಮಾಸಿಗೆ ಹೋಗಿ ಖರೇ ಹೇಳ್ತೀನಿ ಬೇ."

"ಹೇಳು."

"ಹೇಳಿದ್ರ ನಮ್ಮ ಹಿಂಡ ಒಂಟಿ ಆಗತೈತಿ."

"ಆಗ್ಲಿ. ನಾ ಅದೀನಲ್ಲ. ಆಕಿನೂ ಬರತಾಳ. ಮೂರ ಮಂದಿ ಇದ್ದ ಹಿಂಡಿಗೆ ಒಂಟಿ ಅಂತಾರೇನ?" ಸುಟ್ಟ ರೊಟ್ಟಿಯನ್ನು ನನ್ನ ಮುಂದೆ ಹಾಕಿದಳು. "ತಿನ್ನು."

ಇನ್ನೇನು ಬೇಕಿತ್ತು ನನಗೆ? ಹಿಂಡು ಅವ್ವನದು, ಅವಳೇ 'ಆಗ್ಲಿ' ಅಂದಿದ್ದಳು. ಅಮಾವಾಸ್ಯೆಯ ದಿನ ಮೋಟರ್ ಸೈಕಲ್ ಮೇಲೆ ಹೊರಟು ದಾರಿಯುದ್ದಕ್ಕೂ ಅದೊಂದೇ ಮಾತು ಪಾಠ ಮಾಡಿದೆ. "ಗೊತ್ತಿತ್ರಿ. ಸುಳ್ಳ ಹೇಳಿದಂವ ನಾನು." ಕೃಷ್ಣೆಯ ಸೇತುವೆಯ ಮೇಲೆ ಎರಡು ಸಲ ಜೋರಾಗಿ ಕೂಗಿ ಹೇಳಿದೆ. ಗಾಳಿಗೆ ಹೇಳುವುದು ಬಹಳ ಸುಲಭ.

ಜಕ್ಕಪ್ಪನ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಐದು ಮಂದಿ ಹಿರಿಯರು. ನಡುವೆ ಬಾಳಾಸಾಬ ಕಾಕಾ, ಆ ಊರಿನ ನಮ್ಮವರ ಪೈಕಿ ದೊಡ್ಡವರು. ಗೋಡೆಗೊರಗಿ ಹುಡುಗರು ನಿಂತಿದ್ದರು. ರಾಜಿಯ ಗಂಡ ಮಹಾದೇವ ಕಂಬದ ಹಿಂದೆ ತಲೆ ತಗ್ಗಿಸಿ ಕೂತಿದ್ದ. ಅವನೊಬ್ಬ ಮೆತ್ತಗಿನ ಮನುಷ್ಯ. ಎಮ್ಮೆ ಈಯುವಾಗಲೂ ಕಣ್ಣೀರು ಹಾಕುತ್ತಾನೆಂದು ರಾಜಿ ಫೋನಿನಲ್ಲಿ ಹೇಳಿ ನಗುತ್ತಿದ್ದಳು. ಹೆಂಗಸರು ಅಡಿಗೆಮನೆಯ ಬಾಗಿಲ ಹಿಂದೆ. ಅಲ್ಲಿ ಒಂದು ಹಸಿರು ಸೆರಗಿನ ಅಂಚು ಕಾಣುತ್ತಿತ್ತು.

ಜಕ್ಕಪ್ಪ ನಡೆದದ್ದನ್ನು ಹೇಳಿದ. ಮನೆಯ ಆಡುಗಳು ಹೇಗೋ ಬಿಚ್ಚಿಕೊಂಡು ರಸ್ತೆಗಿಳಿದಿದ್ದವು. ಎದುರಿನಿಂದ ಕಬ್ಬಿನ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಬರುತ್ತಿತ್ತು. ಆಗ ರಾಜಿ ಚಾವಡಿಯೆದುರಿನ ಅಂಗಳದಿಂದಲೇ ಸಿಳ್ಳು ಹಾಕಿದಳು. ಆರೂ ಆಡು ಹೊರಳಿ ಮನೆಗೆ ಓಡಿಬಂದವು.

"ಅಂದ್ರ ಆಡು ಉಳದಾವಲ್ಲೋ ಜಕ್ಕಪ್ಪಾ?" ಬಾಳಾಸಾಬ ಕಾಕಾ ಕೇಳಿದರು.

"ಆಡು ಉಳದಾವ್ರಿ, ಮರ್ಯಾದಿ ಹೋತು. ಇದನ್ನ ಆಕಿಗೆ ಹೇಳಿದ್ರ ಏನಂದಳು ಗೊತ್ತೇನ್ರಿ? 'ಮಾವಾರ, ಮರ್ಯಾದಿ ಟಾಯರಿನ ಬುಡಕ ಸಿಗಂಗಿಲ್ಲ, ಆಡು ಸಿಗತಾವ' ಅಂದಳು!"

ಒಬ್ಬ ಹಿರಿಯ ನಗು ತಡೆಯಲಾರದೆ ಕೆಮ್ಮಿದ. ಬಾಳಾಸಾಬ ಕಾಕಾ ಮೀಸೆ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಭಂಡಾರ ಮುಟ್ಟಿ ಹೇಳಪ್ಪಾ ಮಾಳೇಶ. ಈ ಗುಣ ನಿನಗ ಮೊದಲ ಗೊತ್ತಿತ್ತೋ, ಗೊತ್ತಿರಲಿಲ್ಲೋ?"

ಭಂಡಾರ ಮುಟ್ಟಿದೆ. ಮಾತು ಹಲ್ಲಿನ ತನಕ ಬಂತು. ಆಗ ಗೋಡೆಯ ಬಳಿ ಆ ಸಂತೆಯ ಹುಡುಗ ಕಂಡ. ಅವನ ಎರಡು ಬೆರಳು ಗದ್ದದ ಮೇಲಿದ್ದವು, ಯಾವಾಗ ತುಟಿಗೇರಲಿ ಎಂದು ಕಾಯುವಂತೆ. ಅವನ ಕಣ್ಣಲ್ಲಿ ನನಗೆ ಬಸ್ಸಿನ ಕಿಟಕಿ ಕಂಡಿತು. ಲೆಕ್ಕವಿಲ್ಲದಷ್ಟು ಮಂದಿಯ ಕೊರಳಪಟ್ಟಿ ಹಿಡಿದ ಗಂಡಸಿಗೆ ಮೂರು ಅಕ್ಷರ ಉಗುಳಲು ಆಗಲಿಲ್ಲ. ಎಷ್ಟು ಹೊತ್ತು ಕೂತೆನೋ, ಬಾಳಾಸಾಬ ಕಾಕಾ ಒಮ್ಮೆ ಎಲೆ ಉಗಿದು ಬಂದು ಮತ್ತೆ ಕೂತರು.

ಬಾಗಿಲ ಹಿಂದಿನಿಂದ ದನಿ ಬಂತು.

"ನಮ್ಮಣ್ಣಗ ಗೊತ್ತಿರಲಿಲ್ರಿ. ಅಂವ ಕುರಿ ಹಿಂದ ಹೋದಾಗ ನಾ ಕದ್ದು ಕಲತೀನಿ. ಅಂವಂದೇನೂ ತಪ್ಪಿಲ್ಲ."

ಸಿಳ್ಳನ್ನು ಕದ್ದು ಕಲಿಯಲು ಬರುತ್ತದೇನು? ಮೂರು ಹೊಲದಾಚೆಗೆ ಕೇಳುವ ವಸ್ತು ಅದು. ಐದು ಮಂದಿ ಹಿರಿಯರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಹೆಂಗಸು ತಪ್ಪು ಒಪ್ಪಿಕೊಂಡಳು, ಅವರಿಗೆ ಅಷ್ಟು ಸಾಕಾಗಿತ್ತು.

"ಹೌದೇನಪಾ?" ಬಾಳಾಸಾಬ ಕಾಕಾ ನನ್ನನ್ನೇ ನೋಡಿದರು. ಅವರಿಗೆ ತಿಳಿದಿತ್ತು ಅಂತ ಈಗಲೂ ನನಗೆ ಅನುಮಾನ.

ತಲೆ ಆಡಿಸಿದೆ. ಬಾಯಿ ತೆರೆಯಲಿಲ್ಲ. ಬಾಯಿ ತೆರೆಯದಿದ್ದರೆ ಸುಳ್ಳಾಗುವುದಿಲ್ಲವೇನೋ ಅಂತ ಆ ಹೊತ್ತಿಗೆ ಅನ್ನಿಸಿತು.

ರಾಜಿಯನ್ನು ಹೊರಗೆ ಕರೆದರು. ಮೂಗಿನ ತನಕ ಸೆರಗು ಎಳೆದುಕೊಂಡು ಬಂದು ಕಂಬಳಿಯಾಚೆ ನೆಲದ ಮೇಲೆ ಕೂತಳು. ಕೈ ಚಾಚಿ ಭಂಡಾರ ಮುಟ್ಟಿದಳು. ಜಕ್ಕಪ್ಪ ಹೇಳಿಕೊಟ್ಟಂತೆ ಹೇಳಿದಳು: "ಇನ್ನ ಮುಂದ ಸಿಳ್ಳ ಹಾಕಂಗಿಲ್ಲ. ಹಿರ್ಯಾರ ಮುಂದ ದನಿ ಎತ್ತಂಗಿಲ್ಲ. ಎತ್ತಿದ್ರ ಭಂಡಾರ ನೋಡಿಕೊಳ್ಳಲಿ." ನನ್ನ ತಂಗಿಗೆ ಅಷ್ಟು ಸಣ್ಣ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅರಿಶಿನ ಹತ್ತಿದ್ದು ಅವೇ ಎರಡು ಬೆರಳಿಗೆ.

ಆಗ ನನ್ನ ಹೆಗಲು ಹಗುರಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಗುರಾಯಿತು.

"ಮಾತಿನ ಗಂಡಸಪಾ ನೀ. ಸಂತ್ಯಾಗ ಅಂದದ್ದು ಮನಸಿಗೆ ಹಚಗೋಬ್ಯಾಡ" ಅಂತ ಜಕ್ಕಪ್ಪ ಬೆನ್ನು ತಟ್ಟಿ ಊಟಕ್ಕೆ ಕೂರಿಸಿದ. ಹೋಳಿಗೆ ಮಾಡಿಸಿದ್ದ. ತಿಂದೆ. ಎರಡು ತಿಂದೆ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಮಹಾದೇವ ಹಿಂದೆಯೇ ಬಂದ. ಆಡುಗಳು ಕಟ್ಟಿದ ಗೂಟದ ಬಳಿ ನಿಂತು ಹಗ್ಗ ಬಿಗಿಯುವಂತೆ ನಟಿಸುತ್ತ ಅಂದ: "ಮಾಳಣ್ಣಾ, ಅವತ್ತ ಆಡಿನ ಹಗ್ಗ ಸಡಲ ಕಟ್ಟಿದಂವ ನಾನು. ಅಪ್ಪಗ ಹೇಳಾಕ ಅಂಜಿಕಿ ಬಂತು." ಕಣ್ಣು ಒರೆಸಿಕೊಂಡ. "ಆಕಿ ನನಗೂ ಇಲ್ಲೇ ಹಿತ್ತಲದಾಗ ಸಿಳ್ಳ ಕಲಸಾಕತ್ತಿದ್ದಳು. ಬರವಲ್ದು ನನಗ. ಬರೇ ಗಾಳಿ ಹೋಗತೈತಿ."

ಅವನನ್ನು ಹೊಡೆಯಬೇಕು ಅನ್ನಿಸಿತು ನನಗೆ. ಆದರೆ ಯಾವುದಕ್ಕೆಂದು ಹೊಡೆಯಲಿ? ಅವನು ಬಾಯಿ ಮುಚ್ಚಿಕೊಂಡದ್ದು ಒಂದು ಹಗ್ಗಕ್ಕೆ. ಅಷ್ಟರಲ್ಲಿ ರಾಜಿ ತಂಬಿಗೆಯಲ್ಲಿ ನೀರು ತಂದಳು. ಅವನು ಸರಿದು ಒಳಗೆ ಹೋದ.

ನನ್ನ ಕೈಗೆ ನೀರು ಹಾಕುತ್ತ ಕೇಳಿದಳು: "ಅವ್ವ ಆರಾಮ ಅದಾಳ?"

"ಅದಾಳ." ನೀರು ಬೀಳುತ್ತಿತ್ತು. "ಯಾಕ ಹಂಗ ಹೇಳಿದಿ ರಾಜಿ?"

"ನೀ ಹೇಳತಿ ಅಂತ ಕಾದೆ. ಬಾಗಲ ಹಿಂದ ನಿಂತು ಎಣಸಾಕತ್ತಿದ್ದೆ, ಸಂಜಿಮುಂದ ಕುರಿ ಎಣಸಿದಂಗ. ನೂರಾತು, ಎರಡನೂರಾತು. ಹಿಂಡ ಎಲ್ಲಾ ಮುಗೀತು, ನೀ ಬಾಯಿ ಬಿಡಲಿಲ್ಲ. ಅವ್ವ ಈ ವಯಸಿನ್ಯಾಗ ಒಂಟಿ ಹಿಂಡ ಹೊಡಕೊಂಡ ತಿರಗಬಾರದಲ್ಲ, ಅದಕ್ಕ ಹೇಳಿದೆ."

ಅವ್ವ ಅದಕ್ಕೂ ತಯಾರಾಗಿದ್ದಳು ಎಂದು ಅವಳಿಗೆ ಹೇಳಬೇಕಿತ್ತು. 'ಆಕಿನೂ ಬರತಾಳ' ಅಂದಿದ್ದಳು ಎಂದು ಹೇಳಬೇಕಿತ್ತು. ಹೇಳಿದರೆ ಅವಳು ಆಣೆ ಮಾಡಿದ್ದು ಬರೀ ನನ್ನೊಬ್ಬನಿಗಾಗಿ ಎಂದು ಗೊತ್ತಾಗುತ್ತಿತ್ತು. ಕೈ ಒರೆಸಿಕೊಳ್ಳುತ್ತ ನಿಂತೆ.

"ಅವತ್ತ 'ಎಲ್ಲಾ ಹೇಳೀನಿ, ನಡೀತೈತಿ ಅಂದಾರ' ಅಂದಿದ್ದಿಯಲ್ಲ ನನಗ" ಅಂದಳು. ಬೈಗುಳದ ದನಿಯಲ್ಲ, ಸುಮ್ಮನೆ ನೆನಪು ಮಾಡಿಕೊಂಡಂತೆ. ಆಮೇಲೆ ಸೆರಗು ಸ್ವಲ್ಪ ಸರಿಸಿ ನನ್ನ ಮುಖ ನೋಡಿದಳು. ಆ ನೋಟ ಮಾತ್ರ ಹಿಂಡಿನದೇ.

"ಒಂದ ಮಾತ ಹೇಳು ಯಣ್ಣಾ. ನಾ ನಿನ್ನ ತಂಗಿ ಅಲ್ಲ, ತಮ್ಮ ಆಗಿ ಹುಟ್ಟಿದ್ದೆ ಅಂತ ತಿಳಕೋ. ಇದ ಸಿಳ್ಳು, ಇದ ಬಾಯಿ, ಇದ ಸಿಟ್ಟು. ನಮ್ಮ ತಮ್ಮನಂಗ ಸಿಳ್ಳ ಹಾಕಾಂವ ಈ ಸೀಮ್ಯಾಗ ಇಲ್ಲ ಅಂತ ಅದ ಕಂಬಳಿ ಮ್ಯಾಲೆ ಎದಿ ಉಬ್ಬಿಸಿ ಹೇಳತಿದ್ದಿ, ಹೌದಿಲ್ಲೋ?"

ತಂಬಿಗೆ ಅವಳ ಕೈಯಲ್ಲೇ ಇತ್ತು. ಅವಳು ಕಾಯುತ್ತಿದ್ದಳು. ಈ ಸಲವೂ ಒಳಗೊಳಗೇ ಎಣಿಸುತ್ತಿದ್ದಳೇನೋ.

ನಾನು ಗೋಡೆಯ ಬದಿಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡೆ. ಆಡುಗಳ ನಡುವೆ ದಾರಿ ಮಾಡಿಕೊಂಡು, ಹಿಂದಿರುಗಿ ನೋಡದೆ, ಮೋಟರ್ ಸೈಕಲ್ ನಿಲ್ಲಿಸಿದ್ದ ರಸ್ತೆಯ ಕಡೆ ನಡೆದೆ.